ಪರದೇಶಿಯ ಭಾನುವಾರ

ಹಾಂಗ್‌ಕಾಂಗಿನಲ್ಲಿ ನಮ್ಮ ಮನೆಕೆಲಸಕ್ಕಿದ್ದ ಅವಳನ್ನು ನಮ್ಮ ಮಕ್ಕಳು ಆತೆ ಎಂದು ಕರೆಯುತ್ತಿದ್ದರು. ಫಿಲಿಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ಹಾಗೆಂದರೆ ಅಕ್ಕ. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಮೊದಮೊದಲು ಅತ್ತೆ ಎಂದೇ ಬೀಳುತ್ತಿತ್ತು. ಒಮ್ಮೆ ಮಗ ಫೋನಿನಲ್ಲಿ 'ಆತೆ ಸ್ನಾನ ಮಾಡಿಸಿದಳು' ಎಂದಾಗ ಆ ಕಡೆಯಿಂದ ಅಮ್ಮ, 'ಯಾವ ಅತ್ತೆ ಬಂದಿದ್ದಾರೋ ಅಲ್ಲಿಗೆ?' ಎಂದು ಗಾಬರಿಯಿಂದ ಕೇಳಿದ್ದರು. ನಾವು ನಕ್ಕಿದ್ದೇ ನಕ್ಕಿದ್ದು.

ನೋಡಿ, ಬರೆಯಲು ಕೂತು ನಾಲ್ಕು ಸಾಲು ಆಗಿಲ್ಲ, ಆಗಲೇ ಸಿಕ್ಕಿಬಿದ್ದೆ. ಅವಳು ಎಂದು ಬರೆದೆ. ಇಂಗ್ಲಿಷಿನಲ್ಲಿ ಈ ತಾಪತ್ರಯ ಇಲ್ಲ, ಕನ್ನಡದಲ್ಲಿ ಅವಳು ಅನ್ನಬೇಕೋ ಅವರು ಅನ್ನಬೇಕೋ ಎಂದು ಆರಿಸಲೇಬೇಕು. ಆತೆ ನನಗಿಂತ ಏಳು ವರ್ಷ ದೊಡ್ಡವರು. ಡಿಗ್ರಿ ಓದಿದವರು, ತಮ್ಮೂರಿನ ಶಾಲೆಯಲ್ಲಿ ಟೀಚರ್ ಆಗಿದ್ದವರು. ಆದರೂ ನಾವು ಹಾಂಗ್‌ಕಾಂಗಿನಲ್ಲಿದ್ದ ಆರು ವರ್ಷವೂ ನನ್ನ ಬಾಯಲ್ಲಿ ಅವರು ಅವಳೇ. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಇಲ್ಲಿಂದ ಮುಂದೆ ಅವರು ಎಂದೇ ಬರೆಯುತ್ತೇನೆ. ತಡವಾಯಿತು, ಇರಲಿ.

ಬರೆಯಬೇಕು ಅಂದುಕೊಂಡಿದ್ದು ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲ ಅವರು ಹೊರಟುಬಿಡುತ್ತಿದ್ದ ಚರ್ಚಿನ ಬಗ್ಗೆ. ನಾನು ಕ್ರೈಸ್ತಳಲ್ಲ. ದೇವರ ವಿಷಯದಲ್ಲಿ ನನ್ನದು ಹಬ್ಬಕ್ಕೊಮ್ಮೆ ಕೈಮುಗಿಯುವ ಲೆಕ್ಕ. ಆ ಚರ್ಚಿಗೆ ನಾನು ಹೋಗಿದ್ದೇ ಜಗಳ ಮಾಡಲು.

ಆಗಿದ್ದು ಹೀಗೆ. ಆತೆ ನಮ್ಮ ಮನೆಗೆ ಬಂದ ದಿನ ಏಜೆನ್ಸಿಯವರು ನನ್ನನ್ನು ಪಕ್ಕಕ್ಕೆ ಕರೆದು, ಪಾಸ್‌ಪೋರ್ಟ್ ನೀವೇ ಇಟ್ಟುಕೊಳ್ಳಿ ಮೇಡಂ, ಇವರ ಕೈಗೆ ಕೊಟ್ಟರೆ ಸಾಲಕ್ಕೆ ಅಡ ಇಡ್ತಾರೆ ಎಂದು ಹೇಳಿದರು. ನನಗೆ ಅದು ಜಾಣತನದ ಮಾತು ಅನ್ನಿಸಿತು. ನಮ್ಮ ಪಾಸ್‌ಪೋರ್ಟುಗಳ ಜೊತೆಗೇ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಹನ್ನೊಂದು ತಿಂಗಳು ಅದು ಅಲ್ಲೇ ಇತ್ತು. ಒಂದು ಭಾನುವಾರ ರಾತ್ರಿ ಆತೆ ಚರ್ಚಿನಿಂದ ಮನೆಗೆ ಬಂದವರು ಊಟದ ಮೇಜಿನ ಮೇಲೆ ಒಂದು ಮಡಚಿದ ಹಾಳೆ ಇಟ್ಟು, ಏನೂ ಹೇಳದೆ ತಮ್ಮ ಕೋಣೆಗೆ ಹೋದರು. ಕೋಣೆ ಎಂದರೆ ಅಡುಗೆಮನೆ ಪಕ್ಕದಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದಷ್ಟು ಜಾಗ. ಹಾಳೆಯಲ್ಲಿ ಮನೆಕೆಲಸದವರ ಹಕ್ಕುಗಳು ಎಂದಿತ್ತು. ಏಳು ದಿನಕ್ಕೊಂದು ರಜೆ. ಮೊದಲ ತಿಂಗಳ ಸಂಬಳದ ಶೇ. 10ಕ್ಕಿಂತ ಜಾಸ್ತಿ ಏಜೆನ್ಸಿ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ನಿಮ್ಮದು, ಅದನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ. ಈ ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ, ಬಹಳ ತೆಳ್ಳಗೆ.

ಸಿಟ್ಟು ನೆತ್ತಿಗೇರಿತು. ನಾವೇನು ಕಳ್ಳರಾ? ಮಕ್ಕಳ ಹುಟ್ಟುಹಬ್ಬಕ್ಕೆ ಅವರಿಗೂ ಬಟ್ಟೆ ತರುವ ಮನೆ ನಮ್ಮದು! ರಾತ್ರಿಯೆಲ್ಲ ಗೊಣಗಿದೆ. ನನ್ನ ಗಂಡ ಹಾಳೆಯನ್ನು ಎರಡು ಸಲ ಓದಿ, 'ನಿನ್ನ ಪಾಸ್‌ಪೋರ್ಟನ್ನ ನಿನ್ನ ಆಫೀಸಿನವರು ಇಟ್ಟುಕೊಂಡ್ರೆ ಕೊಡ್ತಿದ್ಯಾ?' ಎಂದರು. ಬೆಳಗ್ಗೆ ಬೀರು ತೆಗೆದು ಕೊಟ್ಟೆ. ಆತೆ ಎರಡೂ ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಯೂ ಮ್ಯಾಮ್ ಎಂದರು. ಅವರದೇ ವಸ್ತುವಿಗೆ ಅವರೇ ನನಗೆ ಥ್ಯಾಂಕ್ಸ್ ಹೇಳಬೇಕಾಗಿ ಬಂದದ್ದು ಇವತ್ತಿಗೂ ಚುಚ್ಚುತ್ತದೆ, ಆದರೆ ಅವತ್ತು ಚುಚ್ಚಲಿಲ್ಲ. ಅವತ್ತು ನನ್ನ ತಲೆಯಲ್ಲಿದ್ದಿದ್ದು ಒಂದೇ, ನಮ್ಮ ಮನೆಯವರನ್ನು ನಮ್ಮ ಮೇಲೆ ಎತ್ತಿಕಟ್ಟುತ್ತಿರುವವರು ಯಾರು, ಒಂದು ಸಲ ನೋಡೇಬಿಡೋಣ ಅಂತ.

ಹಾಂಗ್‌ಕಾಂಗಿನ ಭಾನುವಾರ ನೋಡದವರಿಗೆ ಒಂದು ಮಾತು. ಅಲ್ಲಿ ಬೇರೆ ದೇಶಗಳಿಂದ ಬಂದ ಮನೆಕೆಲಸದವರು 3 ಲಕ್ಷಕ್ಕೂ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ಜನ ಫಿಲಿಪೀನ್ಸಿನವರು, ಉಳಿದವರಲ್ಲಿ ಬಹುಪಾಲು ಇಂಡೋನೇಷ್ಯಾದವರು, ಬಹುತೇಕ ಎಲ್ಲರೂ ಹೆಂಗಸರು. 2003ರಿಂದ ಕಾನೂನೇ ಹೇಳುತ್ತದೆ, ಇವರು ಮಾಲೀಕರ ಮನೆಯಲ್ಲೇ ಇರಬೇಕು ಎಂದು. ಹಾಗಾಗಿ ರಜೆಯ ದಿನ ಮನೆಯಲ್ಲಿದ್ದರೆ ಅದು ರಜೆಯೇ ಅಲ್ಲ. ಮಗು ಅತ್ತರೆ ಎತ್ತಿಕೊಳ್ಳಲೇಬೇಕು, ಪಾತ್ರೆ ಕಣ್ಣಿಗೆ ಬಿದ್ದರೆ ತೊಳೆಯಲೇಬೇಕು. ಅದಕ್ಕೇ ಎಲ್ಲರೂ ಬೀದಿಗೆ ಬರುತ್ತಾರೆ. ಊರ ನಡುವಿನ ವ್ಯಾಪಾರದ ಪ್ರದೇಶವಾದ ಸೆಂಟ್ರಲ್‌ನ ಚೇಟರ್ ರೋಡಿನಲ್ಲಿ ಅವತ್ತು ವಾಹನ ಬಿಡುವುದಿಲ್ಲ. ಎಚ್‌ಎಸ್‌ಬಿಸಿ ಬ್ಯಾಂಕಿನ ದೊಡ್ಡ ಕಟ್ಟಡದ ಕೆಳಗೆ, ಮೇಲ್ಸೇತುವೆಗಳ ಮೇಲೆ ರಟ್ಟಿನ ಡಬ್ಬಗಳನ್ನು ಬಿಚ್ಚಿ ನೆಲಕ್ಕೆ ಹಾಸಿ, ಚಪ್ಪಲಿ ಬಿಟ್ಟು, ಗುಂಪುಗುಂಪಾಗಿ ಕೂತಿರುತ್ತಾರೆ. ಒಬ್ಬರ ತಲೆಗೆ ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ. ಯಾರೋ ವಿಡಿಯೋ ಕಾಲಿನಲ್ಲಿ ಮಗುವಿಗೆ ಮಗ್ಗಿ ಒಪ್ಪಿಸಿಕೊಳ್ಳುತ್ತಿರುತ್ತಾರೆ. ನಾನು ಎಷ್ಟೋ ಸಲ ಅವರ ಪಕ್ಕದಲ್ಲೇ ದಾಟಿ ಹೋಗಿದ್ದೆ. ಗಲಾಟೆ ಅನ್ನಿಸಿತ್ತೇ ಹೊರತು, ಇವರಿಗೆ ಊರಿಡೀ ಕೂರಲು ಒಂದು ಸೂರಿಲ್ಲ ಅನ್ನುವುದು ಹೊಳೆದಿರಲಿಲ್ಲ.

ಅಲ್ಲಿಂದ ಗಾರ್ಡನ್ ರೋಡ್ ಹತ್ತಿರ. 1849ರಷ್ಟು ಹಳೆಯ ಸೇಂಟ್ ಜಾನ್ಸ್ ಕೆಥೆಡ್ರಲ್ ಇರುವುದು ಅಲ್ಲೇ, ಇನ್ನೂ ಸ್ವಲ್ಪ ಮೇಲೆ ಹತ್ತಿದರೆ ಕ್ಯಾಥೊಲಿಕರ ಸೇಂಟ್ ಜೋಸೆಫ್ಸ್ ಚರ್ಚ್. ಕೆಥೆಡ್ರಲಿನ ಆವರಣದಲ್ಲೇ 1981ರಲ್ಲಿ ವಲಸೆ ಕೆಲಸಗಾರರಿಗೆ ನೆರವಾಗುವ ಮಿಷನ್ ಫಾರ್ ಮೈಗ್ರೆಂಟ್ ವರ್ಕರ್ಸ್ ಶುರುವಾಗಿದ್ದು. ನಾನು ಹೋಗಿದ್ದು ಇವೆರಡೂ ಅಲ್ಲದ, ನಮ್ಮ ಮನೆಗೆ ಹತ್ತಿರದ ಇನ್ನೊಂದು ಸಾಧಾರಣ ಚರ್ಚಿನ ಹಿಂದಿನ ಹಾಲ್‌ಗೆ. ಪಾದ್ರಿಯನ್ನು ಹುಡುಕಿದೆ, ಅವರು ಮಾಸ್ ಪೂಜೆ ನಡೆಸುತ್ತಿದ್ದರು. ಹಾಲ್‌ನಲ್ಲಿ ಒಬ್ಬರು ವಯಸ್ಸಾದ ಸಿಸ್ಟರ್ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ನಾನು ಮಾತಿನ ಬಾಣ ಹೂಡಿಕೊಂಡು ನಿಂತಿದ್ದರೆ, ಅವರು ನನ್ನ ಕೈಗೆ ಎರಡು ಕುರ್ಚಿ ಕೊಟ್ಟು, 'ಇಂಗ್ಲಿಷ್ ಓದಲು, ಬರೆಯಲು ಬರುತ್ತಾ? ಒಂದು ಫಾರಂ ತುಂಬಿಸಬೇಕಿತ್ತು' ಎಂದರು. ಆಮೇಲೆ ಎರಡೂವರೆ ವರ್ಷ ಭಾನುವಾರ ಮಧ್ಯಾಹ್ನ ನಾನು ಅದೇ ಕೆಲಸ ಮಾಡಿದೆ. ಜಗಳ ಮಾಡುವುದು ಮರೆತೇಹೋಯಿತು.

ಚರ್ಚಿನ ಸೇವೆ ಎಂದರೆ ಪ್ರಾರ್ಥನೆ, ಉಪದೇಶ, ಆಮೇಲೆ ಒಂದಿಷ್ಟು ಹಳೆ ಬಟ್ಟೆ ಹಂಚುವುದು ಎಂದುಕೊಂಡಿದ್ದೆ. ಅಲ್ಲಿ ನಡೆಯುತ್ತಿದ್ದಿದ್ದು ಮುಕ್ಕಾಲು ಪಾಲು ಕಾಗದದ ಕೆಲಸ. ಕರಾರು ಪತ್ರ ಓದಿ ಹೇಳುವುದು, ಸಂಬಳದ ರಸೀದಿ ಜೋಡಿಸುವುದು, ಯಾವ ಭಾನುವಾರ ರಜೆ ಕೊಟ್ಟಿಲ್ಲ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲು ಕಲಿಸುವುದು. 2024ರ ಸೆಪ್ಟೆಂಬರ್ ಕೊನೆಗೆ ಮನೆಕೆಲಸದವರ ಕನಿಷ್ಠ ಸಂಬಳ ತಿಂಗಳಿಗೆ 4,990 ಹಾಂಗ್‌ಕಾಂಗ್ ಡಾಲರ್. ಆಯಾ ಕಾಲದ ಕನಿಷ್ಠಕ್ಕಿಂತ ಕಡಿಮೆ ಪಡೆದು ಪೂರ್ತಿ ಬಂತು ಎಂದು ಸಹಿ ಹಾಕಿದವರು ಎಷ್ಟೋ ಜನ. ಸಹಿ ಹಾಕಿದ್ದೇಕೆ ಎಂದು ಕೇಳಿದರೆ ನೆಲ ನೋಡುತ್ತಾರೆ. ಸಿಸ್ಟರ್ ನನಗೆ ಮೊದಲ ವಾರವೇ ಹೇಳಿದ ಪಾಠ ಇದೇ. ಯಾಕೆ ಎಂದು ಕೇಳಬೇಡ, ಯಾವತ್ತು ಎಂದು ಕೇಳು, ದಿನಾಂಕ ಬರೆದುಕೋ.

ಎರಡು ವಾರದ ನಿಯಮ ಅಂತ ಒಂದಿದೆ. 1987ರಲ್ಲಿ ಬಂದಿದ್ದು. ಕರಾರು ಮಧ್ಯದಲ್ಲಿ ಮುರಿದರೆ ಎರಡು ವಾರದಲ್ಲಿ ಹಾಂಗ್‌ಕಾಂಗ್ ಬಿಡಬೇಕು. ಕಾಗದದ ಮೇಲೆ ಇದು ವೀಸಾದ ಒಂದು ಸಾಲು ಅಷ್ಟೇ. ಹಾಲ್‌ನಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಎಲ್ಲರ ಬಾಯಿ ಮುಚ್ಚಿಸಿರುವುದೇ ಈ ಒಂದು ಸಾಲು. ಹೊಡೆದರೂ, ಅರೆಹೊಟ್ಟೆಯಲ್ಲಿಟ್ಟರೂ, ರಾತ್ರಿ ಹನ್ನೆರಡರವರೆಗೆ ದುಡಿಸಿದರೂ ಕೆಲಸ ಬಿಟ್ಟು ಹೊರಬಂದರೆ ಹದಿನಾಲ್ಕು ದಿನ. ಇಲ್ಲಿಗೆ ಬರಲು ಮಾಡಿದ ಸಾಲ ತೀರಿರುವುದಿಲ್ಲ, ಹೊಸ ಕೆಲಸ ಅಷ್ಟರಲ್ಲಿ ಸಿಗುವುದಿಲ್ಲ. ಕಾರ್ಮಿಕರ ನ್ಯಾಯಾಲಯವಾದ ಲೇಬರ್ ಟ್ರಿಬ್ಯೂನಲ್‌ನಲ್ಲಿ ಕೇಸು ಹಾಕಿದರೆ ಇರಲು ಅವಕಾಶ ಕೊಡಬಹುದು, ಆದರೆ ಕೇಸು ಮುಗಿಯುವವರೆಗೆ ದುಡಿಯುವಂತಿಲ್ಲ. ಇರುವುದೆಲ್ಲಿ, ತಿನ್ನುವುದೇನು? ಇಲ್ಲಿ ಬರುತ್ತವೆ ಆಶ್ರಯ ಮನೆಗಳು. 1986ರಲ್ಲಿ ಶುರುವಾದ ಬೆಥೂನ್ ಹೌಸ್ ಅಂಥದ್ದು. ರಾತ್ರೋರಾತ್ರಿ ಚೀಲ ಹಿಡಿದು ಬೀದಿಗೆ ಬಿದ್ದವಳಿಗೆ ಒಂದು ಹಾಸಿಗೆ, ಕೋರ್ಟಿಗೆ ಜೊತೆಗೊಂದು ಜನ. ಅಲ್ಲಿದ್ದ ಒಬ್ಬಾಕೆಯ ಜೊತೆ ನಾನು ಟ್ರಿಬ್ಯೂನಲ್‌ಗೆ ಹೋಗಿದ್ದೆ. ಎದುರು ಪಕ್ಷದ ಮಾಲಕಿ ನನ್ನಂಥವಳೇ, ಬಿಳಿ ಅಂಗಿ, ಕೈಯಲ್ಲಿ ಫೈಲು, ತಾನು ಎಷ್ಟು ಒಳ್ಳೆಯವಳು ಎಂದು ವಿವರಿಸುತ್ತಾ ಅತ್ತೇಬಿಟ್ಟಳು. ಸುಳ್ಳು ಅಳು ಅಲ್ಲ ಅದು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಇನ್ನು ಸಾಲ. ಉತಾಂಗ್ ಅಂತಾರೆ ಟಗಾಲೊಗ್‌ನಲ್ಲಿ, ಹಾಲ್‌ನಲ್ಲಿ ನಾನು ಕಲಿತ ಮೊದಲ ಪದವೇ ಅದು. 2006ರಿಂದ ಫಿಲಿಪೀನ್ಸಿನ ನಿಯಮದ ಪ್ರಕಾರ ಮನೆಕೆಲಸಕ್ಕೆ ಹೊರಟವರಿಂದ ಕೆಲಸ ಕೊಡಿಸಿದ್ದಕ್ಕೆ ಹಣ ಪಡೆಯುವಂತಿಲ್ಲ. ಆದರೆ ತರಬೇತಿ ಶುಲ್ಕ, ವೈದ್ಯಕೀಯ ಪರೀಕ್ಷೆ, ಅದು ಇದು ಅಂತ ಬೇರೆ ಹೆಸರುಗಳಿಗೆ ಬರವೇ? ಹಾಂಗ್‌ಕಾಂಗಿನಲ್ಲಿ ಸಾಲ ಕೊಡುವ ಕಂಪನಿಗಳ ಬಡ್ಡಿಗೆ ಕಾನೂನಿನ ಮಿತಿಯೇ ವರ್ಷಕ್ಕೆ ಶೇ. 60 ಇತ್ತು, 2022ರ ಡಿಸೆಂಬರ್ ಕೊನೆಗೆ ಅದನ್ನು ಶೇ. 48ಕ್ಕೆ ಇಳಿಸಿದರು. ಇಳಿಸಿದ ಮೇಲೂ 48! ಚರ್ಚಿನವರು ಹಾಲ್‌ನಲ್ಲಿ ಲೆಕ್ಕ ಬರೆಯುವ ತರಗತಿ ನಡೆಸುತ್ತಿದ್ದರು. ಬಡ್ಡಿ ಲೆಕ್ಕ ಎಲ್ಲರಿಗೂ ಒಂದೇ ದಿನದಲ್ಲಿ ಅರ್ಥವಾಗುತ್ತಿತ್ತು, ಆತೆಯಂತೂ ಟೀಚರ್, ನನಗಿಂತ ಚುರುಕು. ಕಷ್ಟವಾಗುತ್ತಿದ್ದ ಪಾಠ ಬೇರೆ. ತಮ್ಮನಿಗೆ ಬೈಕ್ ಬೇಕು ಎಂದು ಮನೆಯಿಂದ ಫೋನ್ ಬಂದರೆ ಇಲ್ಲ ಎನ್ನುವುದು ಹೇಗೆ? ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ತಮ್ಮನಾಗಿ, ಇನ್ನೊಬ್ಬರು ಅಕ್ಕನಾಗಿ ಅಭ್ಯಾಸ ಮಾಡುತ್ತಿದ್ದರು. ನಗು ಅಂದರೆ ನಗು. ಆದರೆ ಅಕ್ಕನಾದವರು ಯಾರೂ ಕೊನೆಗೆ ಇಲ್ಲ ಅನ್ನುತ್ತಿರಲಿಲ್ಲ. ಮುಂದಿನ ತಿಂಗಳು ನೋಡೋಣ ಅನ್ನುತ್ತಿದ್ದರು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು, ಅಲ್ವಾ.

1988ರಲ್ಲಿ ಫಿಲಿಪೀನ್ಸಿನ ಅಧ್ಯಕ್ಷೆ ಕೊರಜಾನ್ ಅಕಿನೋ ಹಾಂಗ್‌ಕಾಂಗಿಗೆ ಬಂದಾಗ ಇದೇ ಮನೆಕೆಲಸದ ಹೆಂಗಸರನ್ನು ಬಾಗೊಂಗ್ ಬಯಾನಿ ಎಂದು ಕರೆದರು. ಹೊಸ ವೀರರು. ಆ ಮಾತು ನಿಂತುಬಿಟ್ಟಿತು. ಸರ್ಕಾರವೇ ಮುಂದೆ ನಿಂತು ಜನರನ್ನು ಹೊರಗೆ ಕಳಿಸುವ ಏರ್ಪಾಡು ಅದಕ್ಕೂ ಮೊದಲೇ, 1974ರ ಕಾರ್ಮಿಕ ಕಾನೂನಿನ ಜೊತೆಗೇ ಆಗಿತ್ತು. ಆಗ ತಾತ್ಕಾಲಿಕ ಎಂದುಕೊಂಡಿದ್ದರು. 2024ರಲ್ಲಿ ಹೊರಗಿದ್ದವರು ಬ್ಯಾಂಕುಗಳ ಮೂಲಕ ಮನೆಗೆ ಕಳಿಸಿದ ಹಣ 3,400 ಕೋಟಿ ಅಮೆರಿಕನ್ ಡಾಲರಿಗೂ ಜಾಸ್ತಿ. ಚರ್ಚಿನ ವೇದಿಕೆಯಿಂದಲೂ ಈ ವೀರರ ಮಾತು ನಾನು ಹಲವು ಸಲ ಕೇಳಿದ್ದೇನೆ. ನಿಮ್ಮ ತ್ಯಾಗ, ನಿಮ್ಮ ಶಿಲುಬೆ, ದೇವರು ನೋಡುತ್ತಿದ್ದಾನೆ. ಹಿಂದಿನ ಸಾಲಿನಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ವೀರರು ಅಂದುಬಿಟ್ಟರೆ ಅವರು ದೂರು ಹೇಳುವುದು ಹೇಗೆ? ತ್ಯಾಗ ಎಂದ ಮೇಲೆ ಸಂಬಳ ಬಾಕಿ ಕೇಳಿದರೆ ಸಣ್ಣತನ ಅನ್ನಿಸುವುದಿಲ್ಲವಾ? ಊರಿನ ಚರ್ಚಿಗೆ ಹೊಸ ಚಾವಣಿ, ಹಬ್ಬಕ್ಕೆ ಬ್ಯಾಂಡು, ಇವಕ್ಕೂ ಇದೇ ಹೆಂಗಸರು ಹಣ ಕಳಿಸುತ್ತಾರೆ. ಕೊಡುವ ಕೈ ಖಾಲಿಯಾಗಬಾರದು ಅನ್ನುವ ಆಸೆ ಚರ್ಚಿಗೂ ಇರಬಹುದು, ಇದೆ ಎಂದೇ ನನ್ನ ಅನುಮಾನ.

ಒಂದು ದಿನ ಸಿಸ್ಟರ್‌ಗೆ ಇದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಿಷಪ್ ಸ್ಕಲಬ್ರಿನಿ ಬಗ್ಗೆ ಹೇಳಿದರು. ಇಟಲಿಯವರು. ಮಿಲಾನ್ ರೈಲು ನಿಲ್ದಾಣದಲ್ಲಿ ಅಮೆರಿಕದ ಹಡಗು ಹತ್ತಲು ಹೊರಟ ನೂರಾರು ಬಡವರು ಗಂಟುಮೂಟೆ ಹಿಡಿದು ಕೂತಿದ್ದನ್ನು ನೋಡಿದವರು, 1887ರಲ್ಲಿ ವಲಸಿಗರಿಗಾಗಿಯೇ ಪಾದ್ರಿಗಳ ಒಂದು ಸಂಘ ಕಟ್ಟಿದವರು. 2022ರಲ್ಲಿ ಅವರನ್ನು ಸಂತ ಎಂದು ಘೋಷಿಸಿದರು. ಸಿಸ್ಟರ್ ಹೇಳಿದ್ದು ಇಷ್ಟು. ಅವರು ಪಾದ್ರಿಗಳನ್ನು ಹಡಗಿನ ಜೊತೆ ಕಳಿಸಿದ್ದಷ್ಟೇ ಅಲ್ಲ, ಜನರನ್ನು ಸರಕಿನಂತೆ ಸಾಗಿಸುವ ದಲ್ಲಾಳಿಗಳ ವಿರುದ್ಧ ಕಾನೂನು ಬೇಕು ಎಂದೂ ಗಲಾಟೆ ಮಾಡಿದರು. 'ನಮ್ಮಲ್ಲಿ ಮೊದಲನೆಯದು ಎಲ್ಲರಿಗೂ ನೆನಪಿದೆ' ಎಂದು ಸಿಸ್ಟರ್ ನಕ್ಕು ಕುರ್ಚಿ ಮಡಚಲು ಹೋದರು.

2018ರ ಬೇಸಿಗೆ ರಜೆಯಲ್ಲಿ ನಾವೆಲ್ಲ ಆತೆಯ ಊರಿಗೆ ಹೋಗಿದ್ದೆವು. ಮನಿಲಾದಿಂದ ದಕ್ಷಿಣಕ್ಕೆ, ಬತಂಗಾಸ್ ಪ್ರಾಂತ್ಯ. ಅವರು ಕಟ್ಟಿಸಿದ ಮನೆ ನೋಡಿದೆ. ಕೆಳಗೆ ಹಸಿರು ಬಣ್ಣ, ಮೇಲೆ ಇನ್ನೂ ಕಬ್ಬಿಣದ ಸರಳುಗಳು ಆಕಾಶ ನೋಡುತ್ತಿದ್ದವು. ಮೇಲಿನ ಅಂತಸ್ತು ಯಾರಿಗೆ ಎಂದು ಕೇಳಿದೆ. ನನಗೆ, ವಾಪಸು ಬಂದ ಮೇಲೆ ಎಂದರು. ಮನೆಯಲ್ಲಿ ಅವರ ತಾಯಿ, ಗಂಡ, ಹದಿನಾಲ್ಕು ವರ್ಷದ ಮಗ. ಆತೆ ಊರು ಬಿಟ್ಟಾಗ ಅವನಿಗೆ ಐದು. ಅವನು ನನ್ನ ಮಕ್ಕಳನ್ನು ನೋಡುತ್ತಿದ್ದ ರೀತಿ ಹೇಗಿತ್ತು ಎಂದು ಬರೆಯಲು ನನಗೆ ಧೈರ್ಯ ಸಾಲದು. ನನ್ನ ಮಗಳು ಆತೆಯ ಮಡಿಲಲ್ಲಿ ಕೂತು ತನಗೇ ಸೇರಿದ ಜಾಗ ಎಂಬಂತೆ ನಿದ್ದೆ ಹೋದಳು. ಹುಡುಗ ಎದ್ದು ಹೊರಗೆ ಹೋದ.

ಆ ಊರಿನ ಚರ್ಚಿನಲ್ಲಿ ತಿಂಗಳಿಗೊಮ್ಮೆ ಹೊರದೇಶದಲ್ಲಿರುವವರ ಮನೆಯವರು ಸೇರುತ್ತಾರೆ. ನಾವಿದ್ದ ದಿನವೇ ಅದೂ ಬಂತು. ಇಪ್ಪತ್ತು ಇಪ್ಪತ್ತೈದು ಮಕ್ಕಳು, ಬಹಳಷ್ಟು ಅಜ್ಜಿಯರು, ಗೋಡೆಗೆ ಒರಗಿ ನಿಂತ ಮೂರೇ ಮೂರು ಗಂಡಸರು. ನಡೆಸುವಾಕೆ ನಿವೃತ್ತ ಟೀಚರ್. ಸುಮ್ನೆ ಪ್ರಾರ್ಥನೆ ಇರುತ್ತೆ ಅಂದುಕೊಂಡು ಹೋದರೆ, ಆಕೆ ಮಕ್ಕಳಿಗೆ ಬಿಳಿ ಹಾಳೆ ಹಂಚಿ ಅದರ ಮೇಲೆ ನಿಲ್ಲಲು ಹೇಳಿದರು. ಒಬ್ಬರ ಪಾದದ ಸುತ್ತ ಇನ್ನೊಬ್ಬರು ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಕಚಗುಳಿ, ಕಿರುಚಾಟ, ಗಲಾಟೆ. ಯಾಕೆಂದು ಕೇಳಿದೆ. ವರ್ಷಕ್ಕೊಮ್ಮೆ ದೊಡ್ಡ ಡಬ್ಬದಲ್ಲಿ ಸಾಮಾನು ಬರುತ್ತದಲ್ಲ, ಅದರಲ್ಲಿ ಶೂ ಇರುತ್ತದೆ, ಯಾವಾಗಲೂ ಚಿಕ್ಕದಾಗಿರುತ್ತದೆ. ತಾಯಿಯ ನೆನಪಿನಲ್ಲಿ ಮಗುವಿನ ಪಾದ ಹೋದ ವರ್ಷದ್ದೇ. ಚಿಕ್ಕ ಶೂ ಬಂತೆಂದು ಮಗು ಹೇಳುವುದಿಲ್ಲ, ಬೆರಳು ಮುದುರಿಕೊಂಡು ಹಾಕಿಕೊಳ್ಳುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ಈ ಹಾಳೆ ಕಳಿಸುತ್ತಾರೆ.

ಎರಡೂವರೆ ವರ್ಷ ನಾನು ತುಂಬಿದ ಅಷ್ಟೂ ಫಾರಂಗಳಲ್ಲಿ ಈ ಹಾಳೆಯಂಥದ್ದು ಒಂದೂ ಇರಲಿಲ್ಲ. ಹೊರದೇಶದಲ್ಲಿ ಚರ್ಚ್ ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ, ಕೋರ್ಟು, ಆಶ್ರಯ, ಪತ್ರಿಕೆಯಲ್ಲಿ ಸುದ್ದಿ. ಊರಿನಲ್ಲಿ ಮಾಡಬೇಕಾದ ಅರ್ಧ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಹಣವೂ ಬರುವುದಿಲ್ಲ, ಆ ನಿವೃತ್ತ ಟೀಚರಿಗೆ ಹಾಳೆಯ ಖರ್ಚೂ ಕೈಯಿಂದಲೇ. ಅಲ್ಲಿನ ಬಿಷಪ್‌ಗಳ ವಲಸಿಗರ ಆಯೋಗವೂ ಸೇರಿ ನಡೆಸಿದ, 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳನ್ನು ಮಾತಾಡಿಸಿದ್ದರು. ಎಲ್ಲರೂ ಹೆದರುವಷ್ಟು ಕೆಟ್ಟ ಚಿತ್ರವೇನೂ ಅಲ್ಲ, ಒಟ್ಟಾರೆ ಮಕ್ಕಳು ಚೆನ್ನಾಗಿಯೇ ಇದ್ದರು. ಆದರೆ ಅಪ್ಪ ಹೋದ ಮನೆಗಿಂತ ಅಮ್ಮ ಹೋದ ಮನೆಯ ಮಕ್ಕಳಲ್ಲಿ ಒಂಟಿತನ, ಸಿಟ್ಟು ಜಾಸ್ತಿ. ಅಪ್ಪ ಹೋದರೆ ಅಮ್ಮ ಎರಡೂ ಆಗುತ್ತಾಳೆ. ಅಮ್ಮ ಹೋದರೆ ಅಜ್ಜಿ ಬರುತ್ತಾಳೆ, ಅಪ್ಪ ಅಪ್ಪನಾಗಿಯೇ ಉಳಿಯುತ್ತಾನೆ. ಇದು ಅಧ್ಯಯನದ ಮಾತಲ್ಲ, ಗೋಡೆಗೊರಗಿದ ಆ ಮೂವರನ್ನು ನೋಡಿ ನನಗನ್ನಿಸಿದ್ದು.

ಆತೆಯ ಗಂಡ ಆ ಮೂವರಲ್ಲಿ ಇರಲಿಲ್ಲ. ಅವರಿಗೆ ಪಕ್ಕದ ಊರಿನಲ್ಲಿ ಇನ್ನೊಂದು ಸಂಸಾರ ಇತ್ತು. ಎಲ್ಲರಿಗೂ ಗೊತ್ತಿತ್ತು, ಆತೆಗೂ. ಫಿಲಿಪೀನ್ಸಿನಲ್ಲಿ ಮುಸ್ಲಿಮರನ್ನು ಬಿಟ್ಟರೆ ಉಳಿದವರಿಗೆ ವಿಚ್ಛೇದನದ ಕಾನೂನೇ ಇಲ್ಲ. ಬೇಕು ಎಂದು ಸಂಸತ್ತಿನಲ್ಲಿ ಮಸೂದೆ ಬಂದಾಗಲೆಲ್ಲ ಅಡ್ಡ ನಿಲ್ಲುವುದು ಚರ್ಚೇ. ಹೆಂಗಸನ್ನು ಹತ್ತು ವರ್ಷ ಹೊರಗೆ ಕಳಿಸಿ, ಅವಳ ಕಣ್ಣೀರು ಒರೆಸಿ, ಶೂ ಅಳತೆಯನ್ನೂ ಕಳಿಸಿಕೊಟ್ಟು, ಮದುವೆ ಮುರಿದಾಗ ಮಾತ್ರ ಮುರಿದಿಲ್ಲ ಎಂದು ಹೇಳುತ್ತಾರಲ್ಲ! ಇದನ್ನು ನಾನು ಸಿಸ್ಟರ್ ಹತ್ತಿರ ಕೇಳಲಿಲ್ಲ. ಆತೆಯ ಹತ್ತಿರವೂ ಕೇಳಲಿಲ್ಲ. ಅವರು ಅದೇ ಚರ್ಚಿನಲ್ಲಿ ಗಂಡನ ಹೆಸರಿಗೂ ಮೇಣದಬತ್ತಿ ಹಚ್ಚುತ್ತಿದ್ದರು.

ಬೈಬಲ್ಲಿನಲ್ಲಿ ಯೇಸು ಹೇಳಿದ, ನಾನು ಪರದೇಶಿಯಾಗಿದ್ದೆ, ನೀವು ನನ್ನನ್ನು ಸೇರಿಸಿಕೊಂಡಿರಿ ಎನ್ನುವ ಅರ್ಥದ ಮಾತೊಂದಿದೆ. ಹಾಲ್‌ನ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದರು. ಅಲ್ಲಿನ ಪದಕ್ಕೆ ಅಪರಿಚಿತ ಅಂತ ಅರ್ಥ, ಅಷ್ಟೇ. ನಮ್ಮ ಪರದೇಶಿ ಬೇರೆ. ಬೇರೆ ದೇಶದವನೂ ಪರದೇಶಿ, ಹಿಂದುಮುಂದಿಲ್ಲದ ಅನಾಥನೂ ಪರದೇಶಿ. ಯಾರಾದರೂ ಅಳುತ್ತಾ 'ಪರದೇಶಿ ಆಗಿಬಿಟ್ಟೆ' ಎಂದರೆ ಪಾಸ್‌ಪೋರ್ಟಿನ ಮಾತಲ್ಲ ಅದು. ಊರು ಬಿಟ್ಟವರಿಗೂ ದಿಕ್ಕಿಲ್ಲದವರಿಗೂ ಒಂದೇ ಪದ ಇಟ್ಟವರು ಯಾರೋ, ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು.

ನಾವು ಹಾಂಗ್‌ಕಾಂಗ್ ಬಿಟ್ಟು ವರ್ಷಗಳಾದವು. ಆತೆ ಇನ್ನೂ ಅಲ್ಲೇ ಇದ್ದಾರೆ, ಬೇರೆ ಮನೆ, ಬೇರೆ ಮಕ್ಕಳು. ಕೋವಿಡ್ ಕಾಲದಲ್ಲಿ ಚರ್ಚೂ ಮುಚ್ಚಿ, ಹೊರಗೆ ಗುಂಪಾಗಿ ಕೂತರೆ ದಂಡ ಹಾಕುತ್ತಿದ್ದಾಗ ಭಾನುವಾರ ಇಡೀ ದಿನ ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಸುತ್ತುತ್ತಿದ್ದೆ ಎಂದು ಒಮ್ಮೆ ಹೇಳಿದ್ದರು. ಮೇಲಿನ ಅಂತಸ್ತಿನ ಸರಳುಗಳು ಹಾಗೇ ಇವೆಯಂತೆ. ಮಗ ಓದಿ ಹಡಗಿನ ಕೆಲಸಕ್ಕೆ ಸೇರಿದ. ಅದನ್ನು ಹೇಳುವಾಗ ಅವರ ದನಿಯಲ್ಲಿದ್ದಿದ್ದು ಹೆಮ್ಮೆಯೋ ಮತ್ತೊಂದೋ ನನಗೆ ತಿಳಿಯಲಿಲ್ಲ. ಮಗನನ್ನು ಹೊರಗೆ ಕಳಿಸಬಾರದು ಎಂದೇ ತಾವು ಹೊರಟವರು ಅವರು.

ಹೋದ ತಿಂಗಳು ಫೋನ್ ಮಾಡಿದ್ದರು. ಮಗನ ಹಡಗು ಯಾವುದೋ ಬಂದರಿಗೆ ಬಂದು ಕೆಲವೇ ಗಂಟೆ ನಿಂತಿತ್ತಂತೆ. ಕೆಳಗೆ ಸ್ಟೆಲ್ಲಾ ಮಾರಿಸ್ ಎಂದು ಬರೆದ ಒಂದು ವ್ಯಾನು, ಅದರಲ್ಲಿ ಚರ್ಚಿನ ಒಬ್ಬರು ಮುದುಕರು. 1920ರಲ್ಲಿ ಗ್ಲಾಸ್ಗೋದಲ್ಲಿ ಹಡಗಿನವರಿಗಾಗಿ ಶುರುವಾದ ಸೇವೆ ಅದು, ಆಮೇಲೆ ನಾನು ಹುಡುಕಿ ಓದಿದೆ. ಆ ಮುದುಕರು ಹುಡುಗನನ್ನು ಊರೊಳಗೆ ಕರೆದೊಯ್ದು, ಸಿಮ್ ಕೊಡಿಸಿ, ಅಮ್ಮನಿಗೆ ಫೋನ್ ಮಾಡಿಸಿ, ಹೊತ್ತಿಗೆ ಸರಿಯಾಗಿ ವಾಪಸು ಬಿಟ್ಟರಂತೆ. ಇಪ್ಪತ್ತು ನಿಮಿಷ ಮಾತಾಡಿದನಂತೆ.

'ಅವರು ಹಣ ತಗೊಳ್ಳಲಿಲ್ಲವಂತೆ ಮ್ಯಾಮ್' ಎಂದರು ಆತೆ. 'ಇವನು ಕೊಡಲು ಹೋದರೂ ತಗೊಳ್ಳಲಿಲ್ಲ. ಯಾಕಿರಬಹುದು?'

ನಾನು ಇನ್ನೂ ಯೋಚಿಸುತ್ತಿರುವಾಗಲೇ ಅವರು ಮಾತು ಬದಲಿಸಿ, ನನ್ನ ಮಗಳ ಶೂ ಅಳತೆ ಈಗ ಎಷ್ಟು ಎಂದು ಕೇಳಿದರು.